ಹತ್ತು ದಿನದ ಮಂಕನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬೇಡಿ

ಬ್ರಹ್ಮಾವರದ ಸಹೋದರಿಯವರಿಗೆ ನಮಸ್ಕಾರ.

79 ವರ್ಷದ ನಿಮ್ಮ ಅತ್ತೆಯವರು ಹತ್ತು ದಿನಗಳಿಂದ ರಾತ್ರಿ ಎದ್ದು ತೀರಿಹೋದ ಮಾವನವರನ್ನು ಕರೆಯುತ್ತಾರೆ, ಹಗಲೆಲ್ಲ ಚಾವಡಿಯಲ್ಲಿ ಮಂಕಾಗಿ ಕೂರುತ್ತಾರೆ, ಬಚ್ಚಲಿಗೆ ಹೋಗುವಾಗ ಒಮ್ಮೆ ಬಿದ್ದಿದ್ದಾರೆ ಎಂದು ಬರೆದಿದ್ದೀರಿ. ಮುಂಬಯಿಯಲ್ಲಿರುವ ಮೈದುನರು ‘ವಯಸ್ಸಾಯಿತಲ್ಲ ಅತ್ತಿಗೆ, ಇನ್ನು ಹೀಗೆಯೇ’ ಎಂದಿದ್ದಾರೆ. ನಿದ್ರೆಯ ಮಾತ್ರೆ ಕೊಡಿಸಬೇಕೇ, ಹೋಮ್ ನರ್ಸ್ ಇಟ್ಟುಕೊಳ್ಳಬೇಕೇ ಎಂಬುದು ನಿಮ್ಮ ಪ್ರಶ್ನೆ.

ಎರಡೂ ಆಮೇಲಿನ ಮಾತು. ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೋ ಮಣಿಪಾಲಕ್ಕೋ, ನಿಮಗೆ ಅನುಕೂಲವಾದಲ್ಲಿಗೆ ತಡಮಾಡದೆ ಕರೆದೊಯ್ಯಿರಿ. ಮರೆಗುಳಿ ಕಾಯಿಲೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ಮೆಲ್ಲನೆ ಬರುವಂಥದ್ದು. ಮೊನ್ನೆಮೊನ್ನೆಯವರೆಗೂ ಹಾಲಿನವನ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಹತ್ತು ದಿನಗಳಲ್ಲಿ ಹೀಗಾದರೆ ಅದನ್ನು ವೈದ್ಯರು ಡೆಲಿರಿಯಂ ಎಂದು ಅನುಮಾನಿಸುತ್ತಾರೆ, ಅಂದರೆ ದೇಹದಲ್ಲಿ ಬೇರೆಲ್ಲೋ ಇರುವ ತೊಂದರೆ ಬುದ್ಧಿಯ ಗೊಂದಲವಾಗಿ ಕಾಣಿಸಿಕೊಂಡಿದೆ ಎಂದು. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶದ ಕೊರತೆ, ಮಲಬದ್ಧತೆ, ಸಕ್ಕರೆಯ ಏರಿಳಿತ ಯಾವುದೂ ಕಾರಣವಾಗಬಹುದು. ಈ ವಯಸ್ಸಿನಲ್ಲಿ ಸೋಂಕಿದ್ದರೂ ಜ್ವರವೇ ಬಾರದಿರುವುದುಂಟು. ಬಿದ್ದಾಗ ತಲೆಗೆ ಪೆಟ್ಟಾಗಿತ್ತೇ ಎಂಬುದನ್ನು ನೀವು ಬರೆದಿಲ್ಲ. ವೈದ್ಯರಿಗೆ ಅದನ್ನು ಮೊದಲು ಹೇಳಿ, ಏಕೆಂದರೆ ತಲೆಬುರುಡೆಯೊಳಗಿನ ರಕ್ತಸ್ರಾವದ ಲಕ್ಷಣಗಳು ಕೆಲವೊಮ್ಮೆ ವಾರಗಳ ನಂತರ ತೋರುತ್ತವೆ.

ನಿಮ್ಮ ಪತ್ರದಲ್ಲಿ ನಮ್ಮ ಕಣ್ಣು ನಿಂತದ್ದು ಮಾತ್ರೆಗಳ ವಿಷಯದಲ್ಲಿ. ಬಿಪಿಗೆ ಒಬ್ಬ ವೈದ್ಯರದು, ಕಾಲು ಬಾವಿಗೆಂದು ಕಳೆದ ತಿಂಗಳು ಇನ್ನೊಬ್ಬರು ಬರೆದ ಮೂತ್ರ ಹೆಚ್ಚಿಸುವ ಮಾತ್ರೆ, ಶೀತಕ್ಕೆ ಮೆಡಿಕಲ್ ಶಾಪಿನಿಂದ ತಂದದ್ದು. ಇದರ ಮೇಲೆ ಬಿಪಿ ಇದೆಯೆಂದು ಉಪ್ಪಿಲ್ಲದ ಗಂಜಿ. ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು, ಅದರಲ್ಲೂ ಥಯಾಜೈಡ್ ಗುಂಪಿನವು, ಹಿರಿಯರಲ್ಲಿ ರಕ್ತದ ಸೋಡಿಯಂ (ಉಪ್ಪಿನಂಶ) ಅನ್ನು ಇಳಿಸಿ ಗೊಂದಲ, ತೂರಾಟ ತರುತ್ತವೆ. ಸೋಡಿಯಂ ಸಾಮಾನ್ಯವಾಗಿ ಲೀಟರಿಗೆ 135ರಿಂದ 145 ಮಿಲಿಮೋಲ್‌ನ ಒಳಗಿರಬೇಕು. ಶೀತದ ಬಹಳಷ್ಟು ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಕೂಡ ಅವರ ವಯಸ್ಸಿನವರಿಗೆ ಮಂಪರನ್ನೂ ಗಲಿಬಿಲಿಯನ್ನೂ ಉಂಟುಮಾಡಬಲ್ಲದು. ಇದೇ ಕಾರಣವೆಂದು ಇಲ್ಲಿ ಕುಳಿತು ತೀರ್ಪು ಕೊಡಲಾಗದು. ಆದರೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ, ನೋವಿನೆಣ್ಣೆ, ಕಷಾಯದ ಬಾಟಲಿ ಸಹಿತ, ಒಂದು ಚೀಲಕ್ಕೆ ಹಾಕಿ ಒಬ್ಬರೇ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಸರಿಯಾಗಿಯೇ ಬರೆದದ್ದು, ಅಂಗಡಿಯಿಂದ ತಂದದ್ದು ಎಲ್ಲವೂ ಒಂದೇ ಹೊಟ್ಟೆಯಲ್ಲಿ ಸೇರಿದಾಗ ಏನಾಗುತ್ತದೆಂದು ನೋಡುವ ಹೊಣೆ ನಮ್ಮಲ್ಲಿ ಯಾರದೂ ಅಲ್ಲದಂತಾಗಿದೆ. ಆದರೆ ನೀವಾಗಿ ಬಿಪಿ ಮಾತ್ರೆಯನ್ನು ನಿಲ್ಲಿಸಬೇಡಿ. ಮಲಗಿದ್ದಾಗ ಮತ್ತು ಎದ್ದುನಿಂತು ಮೂರು ನಿಮಿಷದೊಳಗೆ ಬಿಪಿ ನೋಡಲು ಕೇಳಿ. ಮೇಲಿನ ಅಂಕಿ 20ರಷ್ಟು ಇಳಿಯುವುದಾದರೆ ಬಿದ್ದ ಕಾರಣವೂ ಸಿಗಬಹುದು.

ನಿದ್ರೆಯ ಮಾತ್ರೆ ಈ ಸ್ಥಿತಿಯಲ್ಲಿ ಗೊಂದಲವನ್ನೂ ಬೀಳುವ ಅಪಾಯವನ್ನೂ ಹೆಚ್ಚಿಸುತ್ತದೆ. ಸೊಂಟದ ಮೂಳೆ ಮುರಿದರೆ ಆಮೇಲಿನ ಕಷ್ಟ ಬೇರೆಯೇ. ರಾತ್ರಿ ಸಣ್ಣ ದೀಪ ಉರಿಯಲಿ, ಕನ್ನಡಕ ಕೈಗೆ ಸಿಗುವಲ್ಲಿರಲಿ. ಮಾವನವರನ್ನು ಕರೆದಾಗ ವಾದಕ್ಕಿಳಿಯದೆ ‘ನಾನು ಇಲ್ಲೇ ಇದ್ದೇನೆ, ಈಗ ರಾತ್ರಿ’ ಎಂದರೆ ಸಾಕು. ನಿಮ್ಮ ಬಚ್ಚಲು ಅಂಗಳ ದಾಟಿ ಇದೆಯೆಂದಿದ್ದೀರಿ. ಮಳೆಗಾಲದ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಬಹುದು, ಆದರೂ ರಾತ್ರಿಗೆ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇಡುವುದು ಮೇಲು.

ಹೋಮ್ ನರ್ಸ್ ಬಂದರೆ ನಿಮಗೆ ನಿದ್ದೆಯಾದರೂ ಸಿಕ್ಕೀತು, ಇಟ್ಟುಕೊಳ್ಳಿ. ಆದರೆ ಆ ಹೆಸರಿನಲ್ಲಿ ಬರುವವರೆಲ್ಲ ನರ್ಸಿಂಗ್ ಕಲಿತವರಲ್ಲ; ಕಾಯಿಲೆ ಗುರುತಿಸುವುದನ್ನು ಅವರಿಗೆ ಬಿಡಬೇಡಿ. ಸಂಬಳದ ಪಾಲನ್ನು ಮೈದುನರಲ್ಲಿ ಸಂಕೋಚವಿಲ್ಲದೆ ಕೇಳಿ: 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ತಾಯಿಯ ಪೋಷಣೆ ಎಲ್ಲ ಮಕ್ಕಳ ಹೊಣೆ, ಊರಿನಲ್ಲಿ ಉಳಿದವರದ್ದಷ್ಟೇ ಅಲ್ಲ. ರಕ್ತಪರೀಕ್ಷೆಯ ವರದಿ ಬಂದಾಗ ಅವರಿಗೂ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ.

- ಸಂಪಾದಕ