ಮಕ್ಕಳು ನೀರಿಗಿಳಿಯಲು ಒಂದು ಜಾಗ ಬೇಕು

ಮಾನ್ಯರೇ,

ಈಜುಕೊಳದಲ್ಲಿ ಈಜು ಕಲಿತ ನಿಮ್ಮ ಹದಿಮೂರರ ಮಗಳು ಈಗ ಹೊಳೆಯಲ್ಲಿ ಈಜಬೇಕೆಂದು ಹಟ ಹಿಡಿದಿದ್ದಾಳೆ, ಆದರೆ ಮಂಗಳೂರಿನ ಸುತ್ತ ಎಲ್ಲಿ ಹೋದರೂ ‘ನೀರಿಗಿಳಿಯುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕವೇ ಎದುರಾಗುತ್ತದೆ ಎಂದು ಬರೆದಿದ್ದೀರಿ. ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವ ಊರಿನಲ್ಲಿ ಮಕ್ಕಳು ಎಲ್ಲಿ ಈಜಬೇಕು ಎಂಬ ನಿಮ್ಮ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಲು ಸಾಧ್ಯವಿಲ್ಲದ್ದರಿಂದ ತುಸು ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕಡಲಿನ ವಿಚಾರ. ಮಂಗಳೂರಿಗೂ ಉಡುಪಿಗೂ ನಡುವೆ ಇರುವ ಪಡುಬಿದ್ರಿಯ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ನೀರಿನ ಪರೀಕ್ಷೆ, ಜೀವರಕ್ಷಕರು, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇವೆಲ್ಲ ಆ ಮಾನ್ಯತೆಯ ಅಗತ್ಯಗಳಾದ್ದರಿಂದ, ಹೆಣ್ಣುಮಕ್ಕಳನ್ನು ಕರೆದೊಯ್ಯುವವರಿಗೆ ಇಂದು ನಾನು ಮೊದಲು ಹೇಳುವ ಹೆಸರು ಅದೇ. ಪಣಂಬೂರು, ತಣ್ಣೀರುಬಾವಿ, ಮಲ್ಪೆಗಳಲ್ಲಿಯೂ ಜೀವರಕ್ಷಕರಿದ್ದಾರೆ. ಆದರೆ ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡಲು ಈಜುವವರದ್ದಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳೇ ದಡದಲ್ಲಿರುವಾಗ ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳ್ಳೆಯ ಋತುವಿನಲ್ಲಿಯೂ ಕಡಲನ್ನು ಓದಲು ಕಲಿಯದೆ ಇಳಿಯಬಾರದು. ತೆರೆಗಳು ದಡಕ್ಕೆ ತಂದು ರಾಶಿ ಹಾಕಿದ ನೀರು ಹಿಂದಿರುಗಲು ಮರಳಿನ ದಿಬ್ಬಗಳ ನಡುವೆ ಕಿರಿದಾದ ದಾರಿಯೊಂದನ್ನು ಹುಡುಕಿಕೊಳ್ಳುತ್ತದೆ. ಅಕ್ಕಪಕ್ಕದಲ್ಲಿ ತೆರೆಗಳು ಬಿಳಿಯಾಗಿ ಒಡೆಯುತ್ತಿರುವಾಗ ಆ ದಾರಿಯಲ್ಲಿ ಮಾತ್ರ ತೆರೆ ಒಡೆಯದೆ, ನೀರು ಕಡುಬಣ್ಣವಾಗಿ, ಶಾಂತವಾಗಿ ಕಾಣಿಸುತ್ತದೆ. ಹೊರಗಿನಿಂದ ಬಂದವರು ಅಪಾಯವಿಲ್ಲವೆಂದು ಆರಿಸಿಕೊಳ್ಳುವುದು ಅದೇ ಜಾಗವನ್ನು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರವಾಗಿ ಕೈಬಡಿದು ಸೋತುಹೋಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಒಂದಿಷ್ಟು ದೂರ ಈಜಿದರೆ ಸೆಳೆತದ ಹೊರಗೆ ಬರಬಹುದು, ಅದೂ ಆಗದಿದ್ದರೆ ಅಂಗಾತ ತೇಲುತ್ತ ಕೈಯೆತ್ತಿ ಕರೆಯಬೇಕು. ಇದನ್ನು ನಿಮ್ಮ ಮಗಳಿಗೆ ದಡದಲ್ಲಿ ನಿಲ್ಲಿಸಿ, ಬೆರಳು ತೋರಿಸಿಯೇ ಕಲಿಸಬೇಕು. ಶಾಂಭವಿ, ನಂದಿನಿ ಕಡಲು ಸೇರುವ ಸಸಿಹಿತ್ಲುವಿನಂಥ ಅಳಿವೆಗಳಲ್ಲಿ ಇಳಿತದ ಹೊತ್ತಿಗೆ ಪಳಗಿದವರೂ ನೀರಿಗಿಳಿಯದಿರುವುದು ಒಳ್ಳೆಯದು.

ನೀವು ಕೇಳಿದ್ದು ಹೊಳೆಯನ್ನು. ನನಗೆ ಹೆಚ್ಚು ಸಂಕಟ ತರುವ ಭಾಗವೂ ಅದೇ. ಮರಳು ತೆಗೆದ ಹೊಂಡಗಳಿಂದಾಗಿ, ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದವರು ಮುಂದಿನ ಹೆಜ್ಜೆಗೆ ಮುಳುಗುವಂತಾಗಿದೆ. ಹೊಳೆಗೆ ಅಡ್ಡಲಾಗಿ ಕಟ್ಟಿದ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ನೀರು ನಿಲ್ಲಿಸಲು ಹಲಗೆ ಹಾಕಿದ ಮೇಲೆ ಹಿಂದೆ ನಿಲ್ಲುವ ನೀರು ಕೆರೆಯಂತೆ ತೋರಿದರೂ ಕಿಂಡಿಗಳ ಬಳಿ ಎಳೆತವಿರುತ್ತದೆ. ಇಷ್ಟಾದರೂ ಬರಿಯ ನಿಷೇಧವನ್ನು ನಾನು ಒಪ್ಪಲಾರೆ. ಏಪ್ರಿಲ್ ಸೆಕೆಗೆ ಹುಡುಗರು ನೀರು ಹುಡುಕಿಕೊಂಡು ಹೋಗಿಯೇ ಹೋಗುತ್ತಾರೆ. ಹೊಳೆಯ ದಡದಿಂದ ಓಡಿಸಿದರೆ ಅವರು ಸೇರುವುದು ಯಾರ ಕಣ್ಣಿಗೂ ಬೀಳದ ಪಾಳು ಕಲ್ಲಿನ ಕೋರೆಯನ್ನು. ಅಲ್ಲಿ ಇಳಿಜಾರಿಲ್ಲ, ಹಿಡಿದು ಹತ್ತಲು ಅಂಚಿಲ್ಲ, ಕೂಗಿದರೆ ಕೇಳುವವರಿಲ್ಲ.

ಆದ್ದರಿಂದ ನಗರ ಮಾಡಬೇಕಾದ್ದು ಹೊಳೆಯುದ್ದಕ್ಕೂ ಫಲಕ ನೆಡುವುದಲ್ಲ, ಒಂದಾದರೂ ಜಾಗವನ್ನು ಆರಿಸಿ ಅದನ್ನು ಈಜಲು ಯೋಗ್ಯವಾಗಿಸುವುದು. ಪ್ಯಾರಿಸ್ ನಗರವು 1923ರಲ್ಲಿ ಸೀನ್ ನದಿಯಲ್ಲಿ ಈಜುವುದನ್ನು ನಿಷೇಧಿಸಿತ್ತು. 2025ರ ಜುಲೈಯಲ್ಲಿ ಮೂರು ಕಡೆ ಸಾರ್ವಜನಿಕರಿಗೆ ನದಿಯನ್ನು ತೆರೆದುಕೊಟ್ಟಿತು. ಅದಕ್ಕೂ ಮೊದಲು ಮಳೆ ಬಂದಾಗ ಉಕ್ಕುವ ಕೊಳಚೆ ನದಿ ಸೇರದಂತೆ ಹಿಡಿದಿಡಲು 50,000 ಘನ ಮೀಟರ್‌ನ ತೊಟ್ಟಿಯನ್ನು ನೆಲದಡಿಯಲ್ಲಿ ಕಟ್ಟಿತು. ಸ್ನಾನಯೋಗ್ಯ ನೀರಿಗೆ ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅಳತೆ ನಿಗದಿಪಡಿಸಿದೆ: 100 ಮಿಲಿಲೀಟರ್‌ನಲ್ಲಿ ಒಟ್ಟು ಕೋಲಿಫಾರ್ಮ್ (ಕೊಳಚೆ ಬೆರೆತಿರುವ ಸುಳಿವು ಕೊಡುವ ಬ್ಯಾಕ್ಟೀರಿಯಾ) ಸಂಖ್ಯೆ 500 ಮೀರಬಾರದು, ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಮ್‌ಗಿಂತ ಕಡಿಮೆಯಾಗಬಾರದು. ಈ ಅಂಕಿಗಳನ್ನು ವಾರಕ್ಕೊಮ್ಮೆ ನೀರಿನ ದಡದಲ್ಲೇ ಬರೆದು ಹಾಕುವುದು ಹೇಳಿಕೊಳ್ಳುವಂಥ ದೊಡ್ಡ ಖರ್ಚಿನ ಕೆಲಸವಲ್ಲ.

ಹೊಳೆಗಿಂತ ಮೊದಲು ಕೆರೆಯಿಂದ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಮೆಟ್ಟಿಲಿರುವ ಕೆರೆಯಲ್ಲಿ ಆಳ ಎಷ್ಟೆಂದು ಅಳೆದು ಹೇಳಬಹುದು, ಅಡ್ಡಲಾಗಿ ಹಗ್ಗ ಕಟ್ಟಬಹುದು, ಒಬ್ಬ ಕಾವಲುಗಾರನ ಕಣ್ಣಳತೆಯಲ್ಲಿ ಇಡೀ ನೀರು ಇರುತ್ತದೆ. ನಮ್ಮ ಹಿರಿಯರು ಸಿಪ್ಪೆ ಸಹಿತವಾದ ಎರಡು ಒಣ ತೆಂಗಿನಕಾಯಿಗಳನ್ನು, ಸಿಪ್ಪೆಯನ್ನೇ ಒಂದಿಷ್ಟು ಎಳೆದು ಒಂದಕ್ಕೊಂದು ಗಂಟುಹಾಕಿ, ಮಗುವಿನ ಎದೆಯಡಿಗೆ ಕೊಟ್ಟು ಈಜು ಕಲಿಸಿದ್ದು ಇಂಥ ಕೆರೆಗಳಲ್ಲಿಯೇ. ಅಂಥ ಒಂದು ಜೋಡಿ ಕಾಯಿ ದಡದಲ್ಲಿದ್ದರೆ ಮುಳುಗುತ್ತಿರುವವರತ್ತ ಎಸೆಯಲೂ ಆಗುತ್ತದೆ. ಕಾಪಾಡಲು ಹಾರಿದವರೂ ಜೀವ ಕಳೆದುಕೊಂಡ ಸುದ್ದಿ ಓದಿ ಓದಿ ದಣಿದಿರುವ ನನಗೆ ಇದು ಸಣ್ಣ ಮಾತೆನಿಸುವುದಿಲ್ಲ. ನಗರದ ಕೆರೆಗಳಿಗೆ ಸುತ್ತ ನಡಿಗೆಯ ಹಾದಿ, ದೀಪ, ಬೇಲಿ ಎಲ್ಲ ಬರುತ್ತಿವೆ, ಆದರೆ ಗುಜ್ಜರಕೆರೆಯಂಥ ಕಡೆ ಕೊಳಚೆ ಸೇರುವ ದೂರು ವರ್ಷಗಳಿಂದ ಕೇಳಿಬರುತ್ತಲೇ ಇದೆ. ಕೆರೆಯ ಅಂದಕ್ಕಿಂತ ಮೊದಲು ಅದರ ನೀರು ನೆಟ್ಟಗಾಗಬೇಕು. ಹೆಂಗಸರಿಗೆ ಗೊತ್ತಾದ ಹೊತ್ತು ಮತ್ತು ಬಾಗಿಲಿರುವ ಕೋಣೆ ಇಲ್ಲದಿದ್ದರೆ ಆ ಜಾಗ ಗಂಡುಹುಡುಗರ ಪಾಲಾಗುತ್ತದೆ ಎಂಬ ನಿಮ್ಮ ಮಾತು ಅಕ್ಷರಶಃ ನಿಜ.

ನಿಮ್ಮ ವಾರ್ಡಿನ ಕಾರ್ಪೊರೇಟರ್‌ಗೂ ಮಹಾನಗರ ಪಾಲಿಕೆಗೂ ಈ ಬೇಡಿಕೆಯನ್ನು ಲಿಖಿತವಾಗಿ ಕೊಡಿ, ನೆರೆಯ ತಾಯಂದಿರ ಸಹಿಯೂ ಇರಲಿ. ಅದರ ಪ್ರತಿಯನ್ನು ನಮಗೆ ಕಳುಹಿಸಿದರೆ ಪ್ರಕಟಿಸುತ್ತೇವೆ. ಅಲ್ಲಿಯವರೆಗೆ ಮಗಳು ಕೊಳದಲ್ಲಿಯೇ ಗೋಡೆ ಮುಟ್ಟದೆ, ತಳಕ್ಕೆ ಕಾಲೂರದೆ ಹತ್ತು ನಿಮಿಷ ತೇಲುವುದನ್ನು ರೂಢಿಸಿಕೊಳ್ಳಲಿ. ಹೊಳೆಯಲ್ಲಾಗಲಿ ಕಡಲಿನಲ್ಲಾಗಲಿ ಹಿಡಿಯಲು ಗೋಡೆ ಸಿಗುವುದಿಲ್ಲ. ಡಿಸೆಂಬರ್ ಬಂದ ಮೇಲೆ ಒಂದು ಬೆಳಿಗ್ಗೆ ಪಡುಬಿದ್ರಿಗೆ ಕರೆದುಕೊಂಡು ಹೋಗಿ, ಜೀವರಕ್ಷಕರನ್ನು ಮೊದಲು ಮಾತನಾಡಿಸಿ, ಅವರು ತೋರಿಸಿದ ಕಡೆ ಮಾತ್ರ ಇಳಿಸಿ, ನೀವೂ ಜೊತೆಗೆ ನೀರಿಗಿಳಿಯಿರಿ.

— ಸಂಪಾದಕ