ಕಾಲು ಟ್ಯಾಂಕ್ ತೋರಿಸುತ್ತಿರುವಾಗಲೇ ಪೆಟ್ರೋಲ್ ಖಾಲಿಯಾಗಿ ಕಾರು ನಿಂತಿತು. ವಾರಂಟಿಯಲ್ಲಿ ಸರಿ ಮಾಡಿಸಿಕೊಳ್ಳುವುದು ಹೇಗೆ?

ನೀವು ಕೇಳಿರುವುದು ಇಷ್ಟು. ಕಾರಿಗೆ ಇನ್ನೂ 11 ತಿಂಗಳು. ಮುಳ್ಳು ಕಾಲು ಟ್ಯಾಂಕಿಗಿಂತ ಮೇಲಿರುವಾಗಲೇ ಹೆಬ್ಬಾಳದ ಹತ್ತಿರ ಪೆಟ್ರೋಲ್ ಮುಗಿದು ನಿಂತುಬಿಟ್ಟಿತು. ಸರ್ವಿಸ್ ಸೆಂಟರಿನವರು ‘ಎಲ್ಲಾ ಗಾಡಿಯಲ್ಲೂ ಹಾಗೇ’ ಎಂದು ವಾಪಸ್ ಕಳಿಸಿದರು. ಶನಿವಾರ ಹಾಸನಕ್ಕೆ ಬೇರೆ ಹೋಗಬೇಕು, ಹೋಗಬಹುದಾ ಅಂತ.

ಎರಡು ವರ್ಷದ ಹಿಂದೆ ನನಗೂ ಹೆಚ್ಚುಕಡಿಮೆ ಇದೇ ಆಗಿತ್ತು. ಕೊನೆಗೆ ಒಂದು ರೂಪಾಯಿ ಕೊಡದೆ ವಾರಂಟಿಯಲ್ಲೇ ಸರಿಯಾಯಿತು. ಆದರೆ ಮೂರು ಸಲ ಅಲೆದೆ. ಅದರಲ್ಲಿ ಮೊದಲನೆಯದು ನನ್ನ ಬಾಯಿಂದಲೇ ದಂಡವಾಗಿದ್ದು. ಅದನ್ನೂ ಹೇಳುತ್ತೇನೆ, ನೀವು ಅದೇ ತಪ್ಪು ಮಾಡಬೇಡಿ.

ನಾನು ನಿಂತಿದ್ದು ನೈಸ್ ರಸ್ತೆಯಲ್ಲಿ. ಮಾಗಡಿ ರಸ್ತೆ ಕಡೆಯಿಂದ ಬನ್ನೇರುಘಟ್ಟ ರಸ್ತೆಗೆ ಹೋಗುತ್ತಿದ್ದೆವು, ಕನಕಪುರ ರಸ್ತೆ ಇನ್ನೂ ಬಂದಿರಲಿಲ್ಲ. ಕಾರು ಎರಡು ಸಲ ಜರ್ಕ್ ಹೊಡೆದು ಸುಮ್ಮನಾಯಿತು. ಮುಳ್ಳು ಕಾಲಿಗಿಂತ ಸ್ವಲ್ಪ ಮೇಲೆ ಆರಾಮಾಗಿ ನಿಂತಿದೆ. ಪಕ್ಕದಲ್ಲಿ ‘ಇನ್ನೂ 140 ಕಿ.ಮೀ. ಓಡುತ್ತದೆ’ ಎಂಬ ಭರವಸೆ. ಪಕ್ಕದ ಸೀಟಿನಲ್ಲಿದ್ದ ಅಪ್ಪ ನಿಧಾನಕ್ಕೆ, ‘ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಆ ಮುಳ್ಳು ಅಲ್ಲಾಡೇ ಇಲ್ಲ’ ಅಂದರು. ಬೆಳಿಗ್ಗೆಯೇ ಹೇಳಬಾರದಾಗಿತ್ತಾ ಅಂತ ಕೇಳಿದ್ದಕ್ಕೆ, ‘ಹೊಸ ಕಾರಲ್ವಾ, ಹಾಗೇ ಇರುತ್ತೇನೋ ಅಂದ್ಕೊಂಡೆ.’

ಕಾರಿನ ಜೊತೆ ಬಂದಿದ್ದ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯಾದ ಮೇಲೆ ಒಬ್ಬ ಹುಡುಗ ಬಂದು 5 ಲೀಟರ್ ಸುರಿದ, ಗಾಡಿ ಸ್ಟಾರ್ಟ್ ಆಯಿತು. ಹೋಗುವಾಗ ಒಂದು ಚೀಟಿ ಕೊಟ್ಟ. ‘ಪೆಟ್ರೋಲ್ ಖಾಲಿ’ ಎಂದು ಬರೆದು ತಾರೀಖು, ಟೈಮು, ಕಿ.ಮೀ. ಎಲ್ಲಾ ಹಾಕಿದ್ದ. ಅದನ್ನು ಡ್ಯಾಶ್‌ಬೋರ್ಡಿಗೆ ಎಸೆದೆ. ಆಮೇಲೆ ಅದೇ ಚೀಟಿ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು. ನಿಮಗೂ ಹೆಬ್ಬಾಳದಲ್ಲಿ ಕಂಪನಿಯವರೇ ಬಂದು ಪೆಟ್ರೋಲ್ ಹಾಕಿದ್ದರೆ ಆ ಚೀಟಿ ಅಥವಾ ಮೆಸೇಜ್ ಹುಡುಕಿ ಇಟ್ಟುಕೊಳ್ಳಿ.

ಮೊದಲು ನನಗೆ ಅನುಮಾನ ಬಂದಿದ್ದು ಬಂಕಿನ ಮೇಲೆ. ಬೆಂಗಳೂರಿನಲ್ಲಿ ಗಾಡಿ ಓಡಿಸುವ ಯಾರಿಗೆ ಬರಲ್ಲ ಹೇಳಿ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆ ಇರುವ 5 ಲೀಟರ್ ಅಳತೆ ಪಾತ್ರೆ ಇರಬೇಕು, ಕೇಳಿದರೆ ಎದುರಿಗೇ ಅಳೆದು ತೋರಿಸಬೇಕು. ಕೇಳಿದೆ, ತೋರಿಸಿದರು. ಗೆರೆಗೆ ಸರಿಯಾಗಿ ಬಂತು. ಸುಮ್ನೆ ಬೈಸಿಕೊಂಡಿದ್ದರು ಪಾಪ.

ಈಗ ಮುಳ್ಳಿನ ಕಥೆ. ಟ್ಯಾಂಕಿನೊಳಗೆ ಒಂದು ಫ್ಲೋಟ್ ಇರುತ್ತದೆ, ತೇಲುವ ಬೆಂಡಿನಂಥದ್ದು. ಅದಕ್ಕೊಂದು ತೆಳು ಕಂಬಿ. ಪೆಟ್ರೋಲ್ ಇಳಿದಂತೆ ಫ್ಲೋಟ್ ಇಳಿಯುತ್ತದೆ, ಕಂಬಿಯ ಇನ್ನೊಂದು ತುದಿ ಸಣ್ಣ ಪಟ್ಟಿಯ ಮೇಲೆ ಸರಿಯುತ್ತದೆ, ಅದರ ರೆಸಿಸ್ಟೆನ್ಸ್ ಬದಲಾಗುತ್ತದೆ. ಮೀಟರಿಗೆ ಗೊತ್ತಾಗುವುದು ಅಷ್ಟೇ. ಇದನ್ನೇ ಸೆಂಡರ್ ಯೂನಿಟ್ ಅನ್ನುತ್ತಾರೆ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇದು ಟ್ಯಾಂಕಿನೊಳಗಿನ ಪಂಪಿನ ಜೊತೆಯಲ್ಲೇ ಕೂತಿರುತ್ತದೆ. ಪೆಟ್ರೋಲ್ ಕುಲುಕಿದಾಗೆಲ್ಲ ಮುಳ್ಳು ಕುಣಿಯಬಾರದು ಅಂತ ಮೀಟರ್ ಬೇಕಂತಲೇ ನಿಧಾನಕ್ಕೆ ತೋರಿಸುತ್ತದೆ.

ಇಲ್ಲಿ ತುಂಬಾ ಜನ ಎಡವುವುದು ಒಂದು ಕಡೆ. ‘ಮುಳ್ಳೂ ಕಾಲು ತೋರಿಸ್ತಿತ್ತು, ರೇಂಜೂ 140 ಇತ್ತು, ಎರಡೂ ಹೇಗೆ ತಪ್ಪಾಗುತ್ತೆ?’ ಅನ್ನುತ್ತಾರೆ. ಎರಡಕ್ಕೂ ಲೆಕ್ಕ ಕೊಡುವುದು ಅದೇ ಫ್ಲೋಟ್. ರಿಸರ್ವ್ ದೀಪವೂ ಹೆಚ್ಚಾಗಿ ಅದನ್ನೇ ನಂಬಿರುತ್ತದೆ. ಅಲ್ಲಿ ಸಾಕ್ಷಿ ಹೇಳುತ್ತಿರುವುದು ಒಬ್ಬನೇ.

ಸರ್ವಿಸ್ ಸೆಂಟರಿನವರು ಹೇಳುವುದರಲ್ಲೂ ಸ್ವಲ್ಪ ನಿಜ ಇದೆ, ಇಲ್ಲ ಅನ್ನಲ್ಲ. ಫುಲ್ ಮಾಡಿಸಿದ ಮೇಲೆ ಮುಳ್ಳು ಬಹಳ ಹೊತ್ತು ಇಳಿಯುವುದೇ ಇಲ್ಲ, ಆಮೇಲೆ ಸರಸರ ಇಳಿಯುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದರೆ ಸ್ವಲ್ಪ ಆಚೀಚೆ ತೋರಿಸುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತರೆ ರೇಂಜ್ ಕುಸಿಯುತ್ತದೆ. ಇವೆಲ್ಲ ನಾರ್ಮಲ್ಲೇ. ಆದರೆ ಕಾಲು ಟ್ಯಾಂಕ್ ತೋರಿಸುವಾಗ ಪೂರ್ತಿ ಖಾಲಿಯಾಗುವುದು ನಾರ್ಮಲ್ ಅಲ್ಲವೇ ಅಲ್ಲ. ನನ್ನ ಕಾರಿನಲ್ಲಿ ಇನ್ನೊಂದು ಲಕ್ಷಣ ಇತ್ತು. ದೊಡ್ಡ ಹಂಪ್ ಹಾರಿಸಿದ ಒಂದೆರಡು ನಿಮಿಷಕ್ಕೆ ಮುಳ್ಳು ಎರಡು ಗೆರೆ ಇಳಿದುಬಿಡುತ್ತಿತ್ತು. ಎಲ್ಲೋ ಸಿಕ್ಕಿಕೊಂಡಿದ್ದ ಫ್ಲೋಟ್ ಅಲುಗಾಟಕ್ಕೆ ಬಿಡಿಸಿಕೊಳ್ಳುತ್ತಿತ್ತು ಅಂತ ಕಾಣುತ್ತದೆ. ನಮ್ಮ ಏರಿಯಾದ ಹಂಪುಗಳಿಂದ ಆದ ಒಂದೇ ಉಪಕಾರ ಅದು.

ಮೊದಲ ಸಲ ಸರ್ವಿಸ್ ಸೆಂಟರಿಗೆ ಹೋದಾಗ ನಾನು ಹೇಳಿದ್ದು, ‘ಮೈಲೇಜ್ ಬರ್ತಿಲ್ಲ, ಮುಳ್ಳೂ ಯಾಕೋ ಸರಿ ಇಲ್ಲ’ ಅಂತ. ಅಡ್ವೈಸರ್ ಟ್ಯಾಬಿನಲ್ಲಿ ಟಕಟಕ ಒತ್ತಿದ, ಸಹಿ ಹಾಕಿಸಿಕೊಂಡ. ಸಂಜೆ ಗಾಡಿ ವಾಪಸ್ ಬಂತು. ಸ್ಕ್ಯಾನರ್ ಹಾಕಿದರಂತೆ, ದೋಷ ತೋರಿಸುವ ಯಾವ ಕೋಡೂ ಇಲ್ಲವಂತೆ. ಮನೆಗೆ ಬಂದು ಜಾಬ್ ಕಾರ್ಡ್ ಓದಿದರೆ ಅದರಲ್ಲಿ ಇದ್ದಿದ್ದು ಮೈಲೇಜ್ ಕಮ್ಮಿ ಎಂಬ ದೂರು ಮಾತ್ರ, ಕೆಳಗೆ ‘ಚೆಕ್ ಮಾಡಿದೆ, ಸರಿ ಇದೆ’. ಮುಳ್ಳಿನ ಸುದ್ದಿಯೇ ಇಲ್ಲ! ಕಾಗದದ ಪ್ರಕಾರ ನಾನು ಆ ದೂರು ಕೊಟ್ಟೇ ಇಲ್ಲ.

ಹಾಗಾಗಿ ಮೈಲೇಜ್ ಅನ್ನುವ ಪದವನ್ನೇ ಎತ್ತಬೇಡಿ. ಒಂದೇ ವಾಕ್ಯ ಹೇಳಿ: ‘ಪೆಟ್ರೋಲ್ ಮುಳ್ಳು ತಪ್ಪು ತೋರಿಸುತ್ತಿದೆ, ಕಾಲು ಟ್ಯಾಂಕ್ ತೋರಿಸುವಾಗ ಖಾಲಿಯಾಗಿ ಗಾಡಿ ನಿಂತಿದೆ.’ ಅವರು ಅದನ್ನು ಯಾವ ಭಾಷೆಯಲ್ಲಿ ಬರೆದರೂ ಅಷ್ಟೂ ಬಂದಿದೆಯಾ ಅಂತ ಓದಿಯೇ ಸಹಿ ಹಾಕಿ. ನಾಳೆ ವಾರಂಟಿ ಮುಗಿದರೂ ದೂರು ವಾರಂಟಿಯೊಳಗೇ ಬಂದಿತ್ತು ಅನ್ನುವುದಕ್ಕೆ ದಾಖಲೆ ಅದೇ.

ಎರಡನೇ ಸಲ ತಯಾರಿ ಮಾಡಿಕೊಂಡು ಹೋದೆ. ಅದಕ್ಕೆ ಮುಂಚೆ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, 390 ಕಿ.ಮೀ. ಓಡಿಸಿದ್ದೆ. ನನ್ನದು 37 ಲೀಟರ್ ಟ್ಯಾಂಕ್. ಮುಳ್ಳು ಮತ್ತೆ ಅದೇ ಕಾಲಿನ ಮೇಲೆ ಕೂತಿತ್ತು. ‘ಪಕ್ಕದ ಬಂಕಿಗೆ ಒಂದು ನಿಮಿಷ ಬನ್ನಿ ಸರ್, ದುಡ್ಡು ನಾನೇ ಕೊಡ್ತೀನಿ’ ಅಂತ ಅಡ್ವೈಸರನ್ನು ಕೂರಿಸಿಕೊಂಡೆ. ಮುಳ್ಳು ಹೇಳುತ್ತಿರುವುದು ನಿಜವಾದರೆ 27 ಲೀಟರ್ ಹಿಡಿಯಬೇಕು, ಹೆಚ್ಚೆಂದರೆ 28. ಇದನ್ನು ಮೊದಲೇ ಅವನ ಬಾಯಲ್ಲೇ ಹೇಳಿಸಿದೆ. ಪಂಪಿನ ಅಂಕಿ 28 ದಾಟಿತು, 30 ದಾಟಿತು. ಅವನು ಜೇಬಿನಿಂದ ಫೋನ್ ತೆಗೆದು ನೋಡಲು ಶುರು ಮಾಡಿದ. 33.6ಕ್ಕೆ ನಾಜಲ್ ಟಕ್ ಅಂತ ಕಟ್ ಆಯಿತು. ಆ ಬಿಲ್ಲನ್ನು, ಬಂಕಿಗೆ ಬರುವ ಮುಂಚೆ ತೆಗೆದ ಮುಳ್ಳಿನ ಫೋಟೊವನ್ನು, ನೈಸ್ ರಸ್ತೆಯ ಚೀಟಿಯನ್ನು ಸೇರಿಸಿ ಕೊಟ್ಟೆ. ‘ಇದು ಸೆಂಡರ್ ಇರಬೇಕು ಸರ್’ ಎಂದು ಅವನೇ ಹೇಳಿದ.

ಆಮೇಲೆ ಒಂದು ತಮಾಷೆ. ಟ್ಯಾಂಕ್ ಫುಲ್ ಇದ್ದರೆ ಬಿಚ್ಚೋಕಾಗಲ್ಲವಂತೆ, ಪೆಟ್ರೋಲ್ ಹೊರಗೆ ಚೆಲ್ಲುತ್ತದೆ. ‘ಕಮ್ಮಿ ಮಾಡ್ಕೊಂಡು ಬನ್ನಿ’ ಅಂದ. 3,400 ರೂಪಾಯಿಗೂ ಮೇಲೆ ಖರ್ಚು ಮಾಡಿ ಸಾಬೀತು ಮಾಡಿದ್ದೇ ಅಡ್ಡಿಯಾಯಿತು. ಹೇಗೂ ಪಾರ್ಟ್ ಬರಲು ಹತ್ತು ದಿನ ಬೇಕಿತ್ತು, ಅಷ್ಟರಲ್ಲಿ ಆಫೀಸಿಗೆ ಓಡಾಡಿ ಖಾಲಿ ಮಾಡಿದೆ. ಪಾರ್ಟ್ ಆರ್ಡರ್ ಮಾಡಿದ್ದೇವೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಆರ್ಡರ್ ನಂಬರ್ ಕೇಳಿ ತಗೊಳ್ಳಿ.

ಮೂರನೇ ಸಲ ನಾನು ಪಕ್ಕದಲ್ಲೇ ನಿಂತಿದ್ದೆ. ಹಿಂದಿನ ಸೀಟ್ ಎತ್ತಿದರೆ ಕೆಳಗೆ ಒಂದು ದುಂಡನೆಯ ಮುಚ್ಚಳ. ಅದರ ಸುತ್ತ ಒಂದು ವರ್ಷದ ಧೂಳು, ಮಗಳು ಚೆಲ್ಲಿದ ಕಡ್ಲೆಪುರಿ. ಧೂಳು ಒಳಗೆ ಬೀಳದ ಹಾಗೆ ಹುಡುಗ ಮೊದಲು ಗಾಳಿ ಹೊಡೆದು, ಆಮೇಲೆ ನಿಧಾನಕ್ಕೆ ಪಂಪ್ ಎತ್ತಿದ. ಗಾಡಿಯೆಲ್ಲ ಪೆಟ್ರೋಲ್ ವಾಸನೆ. ಕಂಬಿಯನ್ನು ಬೆರಳಲ್ಲಿ ಮೇಲಿಂದ ಕೆಳಗೆ ಬಿಟ್ಟ. ಮುಕ್ಕಾಲು ದಾರಿ ಸಲೀಸಾಗಿ ಇಳಿದ ಕಂಬಿ ಒಂದು ಜಾಗದಲ್ಲಿ ಗಕ್ಕನೆ ನಿಂತಿತು. ಉಗುರಲ್ಲಿ ಮೀಟಿದರೆ ಮುಂದಕ್ಕೆ. ‘ನೋಡಿ ಸರ್, ಇಲ್ಲೇ ಹಿಡ್ಕೊಳ್ಳುತ್ತೆ.’ ಐದು ಸಲ ಬಿಟ್ಟರೆ ನಾಲ್ಕು ಸಲ ಅಲ್ಲೇ. ಮೂರು ತಿಂಗಳ ತಲೆನೋವು ಅಷ್ಟೇ ಇದ್ದಿದ್ದು. ಹೊಸದು ಹಾಕಿದ ಮೇಲೆ ಎರಡು ಫುಲ್ ಟ್ಯಾಂಕ್ ಲೆಕ್ಕ ಬರೆದಿಟ್ಟೆ, ಸರಿ ಬಂತು.

ನಿಮ್ಮ ಕಾರಿನಲ್ಲಿ ದೋಷ ಸೆಂಡರಿನಲ್ಲಿ ಅಲ್ಲದೆ ಮೀಟರಿನಲ್ಲೇ ಇರಬಹುದು. ಪೂರ್ತಿ ಮೀಟರ್ ಕ್ಲಸ್ಟರ್ ಬದಲಾಯಿಸಿದರೆ ಹಳೆಯದರಲ್ಲಿದ್ದ ಕಿ.ಮೀ. ಹೊಸದರಲ್ಲೂ ಬಂದಿದೆಯಾ ನೋಡಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಇಲ್ಲದಿದ್ದರೆ ಮಾರುವಾಗ ಮೀಟರ್ ತಿರುಗಿಸಿದವರು ನೀವೇ ಆಗುತ್ತೀರಿ.

ಹೊರಗಡೆ ಏನಾದರೂ ವೈರಿಂಗ್ ಮಾಡಿಸಿದ್ದೀರಾ? ನಾನು ಜೆ.ಸಿ. ರಸ್ತೆಯಲ್ಲಿ ರಿವರ್ಸ್ ಕ್ಯಾಮೆರಾ ಹಾಕಿಸಿದ್ದೆ. ಅದನ್ನು ತೋರಿಸಿ ‘ಇದರಿಂದ ವಾರಂಟಿ ಹೋಗುತ್ತೆ’ ಅಂತ ಒಮ್ಮೆ ರಾಗ ಎಳೆದರು. ‘ಕ್ಯಾಮೆರಾದಿಂದ ಫ್ಲೋಟ್ ಹೇಗೆ ಕೆಟ್ಟಿತು ಅಂತ ಬರೆದು ಕೊಡಿ’ ಅಂದೆ. ಆ ಮಾತು ಅಲ್ಲಿಗೇ ನಿಂತಿತು.

ಇಷ್ಟಾದರೂ ಒಪ್ಪದಿದ್ದರೆ ಡೀಲರ್ ಜೊತೆ ಜಗಳ ಆಡುತ್ತಾ ಕೂರಬೇಡಿ. ಜಾಬ್ ಕಾರ್ಡ್, ಬಿಲ್, ಫೋಟೊ ಎಲ್ಲಾ ಸೇರಿಸಿ ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ನಂಬರ್ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಕಡೆಯೇ ದೂರು ಕೊಡಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ಒಂದು ಫ್ಲೋಟಿಗಾಗಿ ಅಲ್ಲಿಯವರೆಗೆ ಹೋಗುವ ಸಂದರ್ಭ ಬರಲಾರದು ಅಂತ ನನ್ನ ಅಂದಾಜು. ಇಮೇಲ್ ಹೋದ ಮೇಲೆ ಸಾಮಾನ್ಯವಾಗಿ ದನಿ ಬದಲಾಗುತ್ತದೆ.

ಹಾಸನಕ್ಕೆ ಹೋಗಿ, ತೊಂದರೆ ಇಲ್ಲ. ಮುಳ್ಳನ್ನು ಮರೆತುಬಿಡಿ, ರೇಂಜನ್ನೂ. ನೆಲಮಂಗಲ ದಾಟುವ ಮುಂಚೆ ಫುಲ್ ಮಾಡಿಸಿ, ಟ್ರಿಪ್ ಸೊನ್ನೆ ಮಾಡಿಕೊಳ್ಳಿ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 180 ಕಿ.ಮೀ., ಒಂದು ಟ್ಯಾಂಕಿನಲ್ಲಿ ಆರಾಮಾಗಿ ಆಗುತ್ತದೆ. ವಾಪಸ್ ಹೊರಡುವ ಮುಂಚೆ ಅಲ್ಲೇ ಮತ್ತೆ ಫುಲ್ ಮಾಡಿಸಿ. ಪದೇ ಪದೇ ಖಾಲಿಯಾಗುವ ತನಕ ಓಡಿಸಬೇಡಿ. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದೇ ಪೆಟ್ರೋಲ್, ಅದಿಲ್ಲದಿದ್ದರೆ ಪಂಪೂ ಹೋಗುತ್ತದೆ. ಹಾಸನದಲ್ಲಿ ಫುಲ್ ಮಾಡಿಸುವ ಮುಂಚೆ ಮುಳ್ಳಿನ ಫೋಟೊ ತೆಗೆದು, ಎಷ್ಟು ಲೀಟರ್ ಹಿಡಿಯಿತು ಎಂಬ ಬಿಲ್ ಇಸ್ಕೊಳ್ಳಿ. ಸೋಮವಾರ ಸರ್ವಿಸ್ ಸೆಂಟರಿಗೆ ಹೋಗುವಾಗ ಕೈಯಲ್ಲಿ ಅದಿರಲಿ.