ಕನಿಷ್ಠ ವೇತನದ ಕಾನೂನಿಲ್ಲದ ಸ್ವೀಡನ್‌ನಲ್ಲಿ ಸಂಬಳ ಕುಸಿಯದೆ ಹೇಗೆ ನಿಲ್ಲುತ್ತದೆ?

ಸ್ವೀಡನ್‌ನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲವೆಂದರೆ ಮಾಲೀಕರು ಮನಬಂದಷ್ಟು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲವೇ ಎಂದು ಕೇಳಿದ್ದೀರಿ. ಅದು ಸುಲಭವಲ್ಲ. ಅಲ್ಲಿನ ಹತ್ತು ನೌಕರರಲ್ಲಿ ಸುಮಾರು ಒಂಬತ್ತು ಮಂದಿಗೆ ಸಾಮೂಹಿಕ ಒಪ್ಪಂದದ, ಅಂದರೆ ಕಾರ್ಮಿಕ ಸಂಘ ಮತ್ತು ಮಾಲೀಕರು ಕೂತು ಸಂಬಳ, ಷರತ್ತುಗಳನ್ನು ಗೊತ್ತುಮಾಡಿಕೊಳ್ಳುವ ಒಪ್ಪಂದದ, ರಕ್ಷಣೆ ಇದೆ.

ನಾನು ಪೀಣ್ಯದ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಸಂಘ ಬೇಡಿಕೆ ಪಟ್ಟಿ ಕೊಡುತ್ತದೆ, ಆಡಳಿತ ಮಂಡಳಿ ತಿಂಗಳುಗಟ್ಟಲೆ ಎಳೆಯುತ್ತದೆ, ಕೊನೆಗೆ ಕಾರ್ಮಿಕ ಅಧಿಕಾರಿಯ ಎದುರು ಸಹಿ ಬೀಳುತ್ತದೆ. ಆ ಒಪ್ಪಂದದ ಸರಹದ್ದು ಕಾರ್ಖಾನೆಯ ಗೇಟು. ಪಕ್ಕದ ಶೆಡ್ಡಿನಲ್ಲಿ ಅದೇ ಲೇತ್ ಓಡಿಸುವವನಿಗೆ ಅದರಿಂದ ನಯಾಪೈಸೆ ಸಿಗುವುದಿಲ್ಲ. ಅಮೆರಿಕದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಸಂಘ ಬಂದರೆ ತನ್ನ ಖರ್ಚು ಮಾತ್ರ ಏರುತ್ತದೆ ಎಂದು ಮಾಲೀಕ ಹೆದರುತ್ತಾನೆ, ಹೆದರುವುದು ಸಹಜವೇ.

ಸ್ವೀಡನ್‌ನಲ್ಲಿ ಮಾತುಕತೆ ಇಡೀ ಉದ್ಯಮಕ್ಕೆ ನಡೆಯುತ್ತದೆ. 1997ರಿಂದ ರಫ್ತು ಉದ್ಯಮ ಮೊದಲು ಸಂಬಳ ಏರಿಕೆಯ ಪ್ರಮಾಣ ನಿಗದಿ ಮಾಡುತ್ತದೆ, ಉಳಿದವರು ಅದನ್ನು ಅನುಸರಿಸುತ್ತಾರೆ. ಇದಕ್ಕೂ ಹಿಂದೆ, 1951ರಲ್ಲಿ, ಕಾರ್ಮಿಕ ಒಕ್ಕೂಟದ ಅರ್ಥಶಾಸ್ತ್ರಜ್ಞರಾದ ರೇನ್ ಮತ್ತು ಮೈಡ್ನರ್ ಮಂಡಿಸಿದ್ದ ವಾದ ಇನ್ನೂ ಖಾರವಾದದ್ದು: ಕಂಪನಿಗೆ ಲಾಭವಿರಲಿ ಬಿಡಲಿ, ಒಂದೇ ಕೆಲಸಕ್ಕೆ ಒಂದೇ ಸಂಬಳ. ಕೊಡಲಾಗದ ಕಂಪನಿ ಮುಚ್ಚಲಿ, ಕೆಲಸ ಹೋದವರಿಗೆ ಸರ್ಕಾರ ತರಬೇತಿ ಕೊಟ್ಟು ಬೇರೆಡೆ ಸೇರಿಸಲಿ! ನಮ್ಮ ಸಂಘದವರು ಕೇಳಿದರೆ ಹೌಹಾರುತ್ತಾರೆ.

ಒಪ್ಪದವರಿಗೆ ಏನಾಗುತ್ತದೆ? ಅಮೆರಿಕದ ಕಾರು ಕಂಪನಿ ಟೆಸ್ಲಾ ಸಾಮೂಹಿಕ ಒಪ್ಪಂದಕ್ಕೆ ಸಹಿ ಹಾಕಲು ನಿರಾಕರಿಸಿದ್ದಕ್ಕೆ 2023ರ ಅಕ್ಟೋಬರಿನಲ್ಲಿ ಮೆಕ್ಯಾನಿಕ್‌ಗಳು ಮುಷ್ಕರ ಹೂಡಿದರು. ಬೆಂಬಲಕ್ಕೆ ಬಂದರಿನವರು ಕಾರು ಇಳಿಸಲಿಲ್ಲ, ಅಂಚೆಯವರು ನಂಬರ್ ಪ್ಲೇಟ್ ತಲುಪಿಸಲಿಲ್ಲ. ಇಂಥ ಬೆಂಬಲ ಮುಷ್ಕರಕ್ಕೆ ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ಆದರೂ ವರ್ಷ ಕಳೆದರೂ ಕಂಪನಿ ಬಗ್ಗಲಿಲ್ಲ ಎನ್ನುವುದನ್ನೂ ಹೇಳಬೇಕು.

ಸದಸ್ಯರ ಸಂಖ್ಯೆಯೊಂದನ್ನೇ ನೋಡಿದರೆ ದಾರಿ ತಪ್ಪುತ್ತೀರಿ. ಫ್ರಾನ್ಸ್‌ನಲ್ಲಿ ಸಂಘ ಸೇರಿದವರು ಹತ್ತರಲ್ಲಿ ಒಬ್ಬರಷ್ಟೇ. ಆದರೂ ಸರ್ಕಾರವೇ ಒಪ್ಪಂದಗಳನ್ನು ಇಡೀ ಉದ್ಯಮಕ್ಕೆ ವಿಸ್ತರಿಸುವುದರಿಂದ ಬಹುತೇಕ ಎಲ್ಲರಿಗೂ ಅವು ಅನ್ವಯಿಸುತ್ತವೆ. ಜರ್ಮನಿಯಲ್ಲಿ ಕಂಪನಿಗಳು ಒಪ್ಪಂದಗಳಿಂದ ಒಂದೊಂದಾಗಿ ಜಾರಿಕೊಂಡವು. ಕೊನೆಗೆ 2015ರಲ್ಲಿ ಗಂಟೆಗೆ 8.50 ಯೂರೊ ಕನಿಷ್ಠ ವೇತನವನ್ನು ಕಾನೂನಾಗಿಯೇ ತರಬೇಕಾಯಿತು.

ಸ್ವೀಡನ್ ಸ್ವರ್ಗವಲ್ಲ. ಆರಂಭದ ಸಂಬಳವೇ ಎತ್ತರದಲ್ಲಿರುವುದರಿಂದ ಭಾಷೆ, ಕಸುಬು ಬಾರದ ವಲಸಿಗರಿಗೆ ಮೊದಲ ಕೆಲಸ ಸಿಗುವುದು ಕಷ್ಟ. ಅವರಲ್ಲಿ ನಿರುದ್ಯೋಗ ಸ್ಥಳೀಯರಿಗಿಂತ ಬಹಳ ಹೆಚ್ಚು. ಇನ್ನು ಆ ಪದ್ಧತಿಯನ್ನು ಇಲ್ಲಿಗೆ ತರೋಣ ಎನ್ನುವವರಿಗೆ ನನ್ನದು ಒಂದೇ ತಕರಾರು. ಅಲ್ಲಿ ಮಾಲೀಕರೂ ಒಗ್ಗಟ್ಟಾಗಿ ಮೇಜಿನ ಮುಂದೆ ಕೂರುತ್ತಾರೆ. ಪೀಣ್ಯದ ಸಾವಿರಾರು ಸಣ್ಣ ಘಟಕಗಳ ಪರವಾಗಿ ಸಂಬಳದ ಒಪ್ಪಂದಕ್ಕೆ ಸಹಿ ಹಾಕುವವರು ಯಾರು?